ಅತ್ತೆ ಕಂಡ ಸಿನಿಮಾ, ಸೊಸೆಯ ಅಭಿಪ್ರಾಯ

ನಮ್ಮ ಮನೆಯ ನಡುಮನೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಒಂದಿದೆ. ಮೇಲೆ ದೇವರ ಚಿತ್ರ, ಕೆಳಗೆ ಅಂಗೈ ಅಗಲದ ಹಾಳೆಗಳ ದಪ್ಪ ಕಟ್ಟು. ಬೇರೆಯವರ ಮನೆಯಲ್ಲಿ ಹರಿದ ಹಾಳೆ ಕಸಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅದರ ಬೆನ್ನಿನ ಮೇಲೆ ನಾನು ಸಿನಿಮಾದ ಬಗ್ಗೆ ಅಭಿಪ್ರಾಯ ಬರೆಯುತ್ತೇನೆ. ಯಾವುದೇ ಸಿನಿಮಾ ಇರಲಿ, ಸಾಕ್ಷ್ಯಚಿತ್ರ ಇರಲಿ, ನೋಡಿ ಮುಗಿದ ಕೂಡಲೇ ಎದ್ದು ಪರ್ ಅಂತ ಒಂದು ಹಾಳೆ ಹರಿಯಬೇಕು, ನಾಲ್ಕೈದು ಸಾಲು ಗೀಚಬೇಕು. ಒಮ್ಮೊಮ್ಮೆ ಉತ್ಸಾಹದ ಭರದಲ್ಲಿ ನಾಳೆಯ ಹಾಳೆಯೂ ಕೂಡಿಯೇ ಹರಿದು ಬಂದು, ಮರುದಿನ ಮನೆಯವರೆಲ್ಲ ಏಕಾದಶಿ ಇವತ್ತೋ ನಾಳೆಯೋ ಎಂದು ಒದ್ದಾಡಿದ್ದೂ ಉಂಟು.

ಹಾಳೆ ಚಿಕ್ಕದಾದ್ದರಿಂದ ಅಭಿಪ್ರಾಯವೂ ಚಿಕ್ಕದು. ಇದನ್ನು ನಾನು ಶೈಲಿ ಅಂತ ಹೇಳಿಕೊಳ್ಳುತ್ತೇನೆ. ಮೊದಮೊದಲು ಬರೆದ ಹಾಳೆಗಳನ್ನು ಮೊನ್ನೆ ತೆಗೆದು ನೋಡಿದೆ. 'ಛಾಯಾಗ್ರಹಣ ಸುಂದರ. ಸಂಗೀತ ಹಿತಮಿತ. ಎರಡನೆಯ ಅರ್ಧ ಸ್ವಲ್ಪ ಎಳೆದಂತಿದೆ.' ಮುಂದಿನ ಹಾಳೆ ತಿರುವಿದರೆ ಅಲ್ಲಿಯೂ ಛಾಯಾಗ್ರಹಣ ಸುಂದರ. ಅದರ ಮುಂದಿನದರಲ್ಲಿ ಸಂಗೀತ ಸುಂದರ, ಛಾಯಾಗ್ರಹಣ ಹಿತಮಿತ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಸೂತ್ರ ಒಂದು ಸಿಕ್ಕರೆ ಸಾಕು, ಲೆಕ್ಕ ಬೇರೆಯಾದರೂ ಅದನ್ನೇ ಹಾಕಿ ಬಿಡಿಸುವ ಮಕ್ಕಳನ್ನು ಬೈದಷ್ಟೂ ಬೈದಿದ್ದೇನೆ. ಆ ಬೈಗುಳವೆಲ್ಲ ಈಗ ನನಗೇ ತಿರುಗಿ ಬಂದ ಹಾಗಾಯಿತು.

ನಿಜ ಹೇಳಬೇಕೆಂದರೆ ನನಗೆ ಸಿನಿಮಾ ನೋಡುವುದು ಬರುತ್ತಿರಲಿಲ್ಲ. ನನ್ನ ತವರು ಯರಗಟ್ಟಿ. ಸಣ್ಣವಳಿದ್ದಾಗ ಅಲ್ಲಿ ಟೆಂಟ್ ಟಾಕೀಸು ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಉಸುಕಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತರೆ ತಣ್ಣಗಿನ ಉಸುಕು, ಹುರಿದ ಶೇಂಗಾದ ವಾಸನೆ, ಹಿಂದೆ ಯಂತ್ರದ ಕಿರಕಿರ ಸದ್ದು. ಇಷ್ಟು ಸುಖ ಸಿಕ್ಕಮೇಲೆ ಯಾರಿಗೆ ನಿದ್ದೆ ಬರುವುದಿಲ್ಲ, ನೀವೇ ಹೇಳಿ? ನಾಯಕ ಊರಿಗೆ ಬರುವ ಮೊದಲೇ ನಾನು ಅಕ್ಕನ ತೊಡೆಯ ಮೇಲೆ ಮಲಗಿರುತ್ತಿದ್ದೆ. ಮರುದಿನ ಶಾಲೆಯಲ್ಲಿ ಮಾತ್ರ ಬೇವಿನ ಗಿಡದ ಕೆಳಗೆ ಹತ್ತು ಹುಡುಗಿಯರನ್ನು ಕೂಡಿಸಿಕೊಂಡು ಪೂರ್ತಿ ಕಥೆ ಹೇಳುತ್ತಿದ್ದವಳು ನಾನೇ. ಅಕ್ಕ ಮುಂಜಾನೆ ನೀರು ಕಾಸುತ್ತ ಹೇಳಿದ್ದನ್ನು ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದೆ, ಅಳುವ ಜಾಗದಲ್ಲಿ ಅತ್ತು ತೋರಿಸುತ್ತಿದ್ದೆ. ಈ ಕೆಟ್ಟ ಚಾಳಿಯನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬರುವುದನ್ನು ಕೇಳಿ ನೀವು ಬೆಚ್ಚಿ ಬೀಳಬಾರದು.

ಬೈಲಹೊಂಗಲದಲ್ಲಿ ನಾವು ಹತ್ತಿಪ್ಪತ್ತು ಮಂದಿ ಸೇರಿ ಶನಿವಾರಕ್ಕೊಂದು ಸಿನಿಮಾ ನೋಡುವ ಕೂಟ ಕಟ್ಟಿಕೊಂಡಿದ್ದೇವೆ. ಹಿಂದೆ ಹತ್ತಿ ಅಂಡಿಗೆ ಇಡುತ್ತಿದ್ದ ಗೋದಾಮಿನ ಮಾಳಿಗೆಯೇ ನಮ್ಮ ಟಾಕೀಸು. ಮಧ್ಯಾಹ್ನ ಮೂರಕ್ಕೆ ಕಿಟಕಿಗೆಲ್ಲ ಜಮಖಾನ ಕಟ್ಟಿ ಗೋಡೆಯ ಮೇಲೆ ಚಿತ್ರ ಬಿಡುತ್ತಾರೆ. ಕಿತ್ತೂರು, ಸವದತ್ತಿ, ರಾಮದುರ್ಗದಿಂದಲೂ ಬಸ್ಸು ಹಿಡಿದು ಬರುವವರಿದ್ದಾರೆ. ನಡೆಸುವವರು ನಿವೃತ್ತ ಡ್ರಾಯಿಂಗ್ ಮಾಸ್ತರು ಚನ್ನಪ್ಪನವರು. ಅವರದೊಂದು ಕಟ್ಟಳೆ. ಚಿತ್ರ ಮುಗಿದ ಮೇಲೆ ಪ್ರತಿಯೊಬ್ಬರೂ ಎದ್ದು ನಿಂತು ತಾವು ಕಂಡ ಒಂದೇ ಒಂದು ಸಂಗತಿ ಹೇಳಬೇಕು. ಛಲೋ ಐತಿ ಅನ್ನುವಂತಿಲ್ಲ, ಕೆಟ್ಟ ಐತಿ ಅನ್ನುವಂತಿಲ್ಲ. ಕಂಡದ್ದು ಹೇಳಿ ಕೂಡಬೇಕು.

ಮೊದಲ ಶನಿವಾರ ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಛಾಯಾಗ್ರಹಣ..." ಅಂದೆ.

"ಅದನ್ನ ಕ್ಯಾಮರಾದಾವ್ರು ಮಾಡ್ಯಾರ್ರಿ. ನೀವು ಏನ ನೋಡಿದ್ರಿ?" ಅಂದರು ಮಾಸ್ತರು.

ನಾನು ಏನೂ ನೋಡಿರಲಿಲ್ಲ. ಕೂತೆ. ಸವದತ್ತಿಯಿಂದ ಬಂದಿದ್ದ, ನನ್ನ ಅರ್ಧ ವಯಸ್ಸಿನ ಹುಡುಗಿಯೊಬ್ಬಳು ಎದ್ದು, ನಾಯಕಿ ಪತ್ರ ಓದುವಾಗ ಕಾಲಬೆರಳಿನಿಂದ ಜಮಖಾನದ ಅಂಚು ಮಡಚುತ್ತಿದ್ದಳು ಅಂದಳು. ಎಲ್ಲರೂ ತಲೆದೂಗಿದರು. ಮೂವತ್ತು ವರ್ಷ ಹಲಗೆಯ ಮುಂದೆ ನಿಂತು ಮಾತಾಡಿದ ನನಗೆ ಆ ದಿನ ಆದ ಅವಮಾನ ಅಷ್ಟಿಷ್ಟಲ್ಲ. ಈ ಮಂದಿಯ ಮುಂದೆ ಒಂದು ಸಲವಾದರೂ ಸೈ ಅನ್ನಿಸಿಕೊಳ್ಳಲೇಬೇಕೆಂದು ಮನಸ್ಸಿನಲ್ಲೇ ಹಟ ಹಿಡಿದೆ.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಗಂಗವ್ವ ಅವರ ಹೆಸರು. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ತವರು. ಎಪ್ಪತ್ತೈದು ದಾಟಿದ್ದಾರೆ. ಟಿವಿ ಮುಂದೆ ಕೂತರೆ ತೊಡೆಯ ಮೇಲೊಂದು ಮೊರ, ಮೊರದಲ್ಲಿ ಜೋಳ. ಹರಳು ಆರಿಸುತ್ತ, ಕನ್ನಡಕದ ಮೇಲಿನಿಂದ ಆಗಾಗ ಕತ್ತೆತ್ತಿ ನೋಡುತ್ತಾರೆ. ಕಥೆ ಅವರಿಗೆ ಬೇಡ. ನಾಯಕ ಯಾರು ಕೇಳಿ, ಗೊತ್ತಿಲ್ಲ. ಅವರ ಕಣ್ಣೆಲ್ಲ ಕೈಗಳ ಮೇಲೆ: ಯಾರ ಕೈ ಏನು ಮಾಡುತ್ತಿದೆ, ಸರಿಯಾಗಿ ಮಾಡುತ್ತಿದೆಯೋ ಇಲ್ಲವೋ.

ಕೂಟದಲ್ಲಿ ತೋರಿಸಲಿರುವ ಒಂದು ಪರದೇಶದ ಚಿತ್ರವನ್ನು ನಾನು ಮನೆಯಲ್ಲಿ ಮೊದಲೇ ಹಾಕಿಕೊಂಡು ನೋಡುತ್ತಿದ್ದೆ. ಮುದುಕ ಮುದುಕಿ ಇಬ್ಬರು ತೋಟದಲ್ಲಿ ಒಂದು ಬೆಂಚಿನ ಮೇಲೆ, ನಮ್ಮ ಕಡೆ ಬಾಕು ಅನ್ನುತ್ತೇವೆ, ಕೂತಿದ್ದಾರೆ. ಮಾತಿಲ್ಲ ಕಥೆಯಿಲ್ಲ. ನನಗೆ ಆಕಳಿಕೆ. "ಪಾಪ, ಇಬ್ಬರದೂ ಮಾತಽ ಮುಗದ ಹೋಗೈತಿ" ಅಂದೆ.

ಅತ್ತೆ ಮೊರದಿಂದ ಕತ್ತೆತ್ತಿ, "ಮಾತ ಮುಗದಿಲ್ಲ ಅವರದು. ಮುಗದಿದ್ರ ಇಬ್ರೂ ಒಂದಽ ಬಾಕಿನ ಮ್ಯಾಲ ಯಾಕ ಕುಂದರತಿದ್ರು? ಅತ್ಲಾಗ ಇನ್ನೊಂದ ಖಾಲಿ ಐತೆಲ್ಲ" ಅಂದರು, ಮತ್ತೆ ಜೋಳಕ್ಕೆ ತಿರುಗಿದರು.

ನೋಡಿದೆ. ಹೌದು, ಪಕ್ಕದಲ್ಲೇ ಇನ್ನೊಂದು ಬಾಕು ಖಾಲಿ ಇತ್ತು.

ಆ ಶನಿವಾರ ನಾನು ಎದ್ದು ನಿಂತು ಖಾಲಿ ಬಾಕಿನ ಮಾತು ಹೇಳಿದೆ. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಟೀಚರ್, ಇದಕ್ಕ ನೋಡೂದು ಅಂತಾರ್ರಿ" ಅಂದರು. ಆ ಕ್ಷಣದಲ್ಲಿ, ಇದು ನಮ್ಮ ಅತ್ತೆಯ ಮಾತು ಅನ್ನಲು ಬಾಯಿ ತೆರೆದವಳು, ಚಪ್ಪಾಳೆಯ ಸದ್ದಿಗೆ ಮತ್ತೆ ಮುಚ್ಚಿದೆ. ಚಪ್ಪಾಳೆ ಅಷ್ಟು ಸಿಹಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ನನ್ನ ವ್ಯವಹಾರ ಜೋರಾಯಿತು. ಪ್ರತಿ ಶುಕ್ರವಾರ ಚಿತ್ರ ಹಾಕುವುದು, ಅತ್ತೆಯ ಮುಂದೆ ಮೊರ ಇಡುವುದು, ಕಿವಿ ತೆರೆದು ಕೂಡುವುದು. ಆಮೇಲೆ ಕ್ಯಾಲೆಂಡರ್ ಹಾಳೆ. ಆ ದಿನಗಳ ಹಾಳೆಗಳು ಈಗಲೂ ನನ್ನ ಹತ್ತಿರ ಇವೆ. ಪೊಲೀಸ್ ಚಿತ್ರ ಒಂದರ ಬೆನ್ನಿಗೆ ಹೀಗಿದೆ: 'ನಲವತ್ತು ಮಂದಿಯನ್ನು ಬಡಿದರೂ ನಾಯಕನ ಅಂಗಿಯ ಇಸ್ತ್ರಿ ಮುರಿದಿಲ್ಲ. ಬಡಿದಾಟಕ್ಕಿಂತ ಇಸ್ತ್ರಿ ಗಟ್ಟಿ.' ಹಳ್ಳಿಯ ಕಥೆ ಎಂದು ಹೊಗಳಿಸಿಕೊಂಡ ಒಂದು ಚಿತ್ರಕ್ಕೆ: 'ಹಾಡು ಮುಗಿಯುವವರೆಗೂ ನಾಯಕಿ ಬೀಸುಕಲ್ಲು ತಿರುಗಿಸಿದಳು. ಒಂದು ಹಿಡಿ ಕಾಳು ಹಾಕಲಿಲ್ಲ, ಒಂದು ಚಿಟಿಕೆ ಹಿಟ್ಟು ಬೀಳಲಿಲ್ಲ.' ಹಿಮದ ನಾಡಿನ ಹಕ್ಕಿಗಳ ಸಾಕ್ಷ್ಯಚಿತ್ರವೊಂದರಲ್ಲಿ ಗಂಡುಹಕ್ಕಿ ಕಾಲ ಮೇಲೆ ತತ್ತಿ ಇಟ್ಟುಕೊಂಡು ತಿಂಗಳುಗಟ್ಟಲೆ ನಿಲ್ಲುವುದನ್ನು ಕಂಡು ಅತ್ತೆ, "ನಿಮ್ಮ ಮಾವನೂ ಒಮ್ಮೆ ಕೂಸಿನ್ನ ಎತ್ಕೊಂಡ ಕಟ್ಟಿ ಮ್ಯಾಲ ನಿಂತಿದ್ರವಾ, ಓಣಿ ಮಂದಿಯೆಲ್ಲಾ ನೋಡಾಕ ಬಂದಿತ್ತು" ಅಂದರು. ಅದನ್ನೂ ಬಿಡಲಿಲ್ಲ ನಾನು. ಮಾವನ ಜಾಗದಲ್ಲಿ ನನ್ನ ಯಜಮಾನರನ್ನು ನಿಲ್ಲಿಸಿ ಹೇಳಿದೆ. ಮಾಳಿಗೆ ನಕ್ಕು ನಕ್ಕು ಸುಸ್ತಾಯಿತು. ಯಜಮಾನರಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ.

ಆರು ತಿಂಗಳಲ್ಲಿ ನಾನು ದೊಡ್ಡ ಮನುಷ್ಯಳಾದೆ. ಕಿತ್ತೂರಿನಿಂದ ಬರುವ ವಕೀಲರು ನಾನು ಹೇಳಿದ್ದನ್ನು ವಹಿಯಲ್ಲಿ ಬರೆದುಕೊಳ್ಳತೊಡಗಿದರು. ಕೊನೆಗೆ ಮಾತಾಡುವ ಗೌರವ ನನಗೇ ಮೀಸಲಾಯಿತು. ಕಾಟನ್ ಸೀರೆಗೆ ಗಂಜಿ ಹಾಕಿಸಿಕೊಂಡು ಹೋಗತೊಡಗಿದೆ.

ಹೀಗಿರುವಾಗ ಮಾಸ್ತರು ಒಂದು ಸಾಕ್ಷ್ಯಚಿತ್ರದ ಸುದ್ದಿ ತಂದರು. ಧಾರವಾಡದ ಸ್ಮಿತಾ ಎಂಬ ಹುಡುಗಿ ಮುನವಳ್ಳಿ ಹತ್ತಿರದ ಹೊಲವೊಂದರಲ್ಲಿ ಹಿಂಗಾರಿ ಜೋಳದ ಬಿತ್ತನೆಯನ್ನು ಚಿತ್ರಿಸಿದ್ದಾಳೆ, ಟ್ರ್ಯಾಕ್ಟರ್ ಕಾಲದಲ್ಲೂ ಎತ್ತು ಬಿಡದ ರೈತನ ಕಥೆ, ಎಲ್ಲೆಲ್ಲೋ ತೋರಿಸಿ ಹೊಗಳಿಸಿಕೊಂಡಿದ್ದಾಳೆ, ನಮ್ಮ ಮಾಳಿಗೆಗೆ ತಾನೇ ಬರುತ್ತಾಳೆ ಅಂದರು. ಚಿತ್ರ ಮೊದಲೇ ಸಿಗುವಂತಿರಲಿಲ್ಲ. ಅತ್ತೆಯ ಕಣ್ಣಿಲ್ಲದೆ ಏನು ಹೇಳಲಿ ಎಂಬ ಚಿಂತೆ ಹತ್ತಿತು. ಮನೆಗೆ ಬಂದು ಸುಮ್ಮನೆ ಬಾಯಿ ಬಿಟ್ಟೆ ನೋಡಿ, ಅತ್ತೆ ಮೊರ ಕೆಳಗಿಟ್ಟರು.

"ಬಿತ್ತೂದ ತೋರಸ್ತಾರ? ಹಂಗಾದ್ರ ನಾನೂ ಬರತೇನಿ."

"ಮಾಳಿಗಿ ಪಾವಟಿಗಿ ಕಡದ ಅದಾವ್ರಿ ಅತ್ತಿ."

"ಏರತೇನಿ."

"ಫ್ಯಾನ್ ತಿರಗಂಗಿಲ್ರಿ."

"ಹೊಲದಾಗ ಯಾವ ಫ್ಯಾನಿತ್ತ ನನಗ?"

ನನ್ನ ಗುಟ್ಟು ಬಯಲಾಗುವ ದಿನ ಬಂತೆಂದು ನನಗೆ ಅನ್ನ ಸೇರಲಿಲ್ಲ. ಅತ್ತೆ ಮಾತ್ರ ಶನಿವಾರ ಮಧ್ಯಾಹ್ನ ಇಳಕಲ್ಲ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಒಂದೊಂದೇ ಮೆಟ್ಟಿಲು ಏರಿ ಮೊದಲ ಸಾಲಿನಲ್ಲಿ ಕೂತರು.

ಮಾಸ್ತರು ಕೈಮುಗಿದು ಬಂದರು. "ಅಮ್ಮಾರ, ನಿಮ್ಮ ಸೊಸಿ ಅಂದ್ರ ನಮ್ಮ ಕೂಟದ ಕಣ್ಣ ಇದ್ದಂಗರಿ. ಆ ಮುದುಕಾ ಮುದುಕಿ ಚಿತ್ರದಾಗ ಏನಂದ್ರ ಗೊತ್ತೇನ್ರಿ? ಮಾತ ಮುಗದಿದ್ರ ಒಂದಽ ಬಾಕಿನ ಮ್ಯಾಲ ಯಾಕ ಕುಂದರತಿದ್ರು ಅಂದ್ರು!"

ಅತ್ತೆ ನನ್ನ ಮುಖ ನೋಡಿದರು. ನಾನು ಕಿಟಕಿಯ ಜಮಖಾನ ನೋಡಿದೆ.

"ಹೌದೇನ್ರಿ?" ಅಂದರು ಅತ್ತೆ ನಿಧಾನವಾಗಿ. "ಭಾಳ ಛಲೋ ಅಂದಾಳ ಬಿಡ್ರಿ."

ಅಷ್ಟೇ. ನನ್ನನ್ನು ಉಳಿಸಿಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಚಿತ್ರ ಶುರುವಾಯಿತು. ನಿಜಕ್ಕೂ ಚೆಂದವಿತ್ತು, ಮಾಸ್ತರ ಕಟ್ಟಳೆ ಮೀರಿ ಹೇಳುತ್ತಿದ್ದೇನೆ. ಎರೆಮಣ್ಣಿನ ಬಯಲು, ಜೋಡೆತ್ತು, ಅವುಗಳ ಹಿಂದೆ ಬಿತ್ತುವ ಕೂರಿಗೆ; ಎತ್ತು ಕೂರಿಗೆ ಕೂಡಿದ್ದಕ್ಕೆ ನಮ್ಮ ಕಡೆ ಗಳೇ ಅನ್ನುತ್ತಾರೆ. ಗಂಡಸು ಕೂರಿಗೆ ಹಿಡಿದು ಎತ್ತು ಹೊಡೆಯುತ್ತಾನೆ, ಪಕ್ಕದಲ್ಲೇ ನಡೆಯುವ ಹೆಂಗಸು ಉಡಿಯಲ್ಲಿನ ಜೋಳ ತೆಗೆದು ಕೂರಿಗೆಯ ಬಟ್ಟಲಿಗೆ ಬಿಡುತ್ತಾಳೆ, ಅದು ಬಿದಿರ ಕೊಳವೆಗಳಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಇದೆಲ್ಲದರ ಮೇಲೆ ಒಂದು ಹಾಡು. ಕೊನೆಗೆ ಪರದೆಯ ಮೇಲೆ ರೈತನ ಹೆಸರು ಬಂತು. ಅದರ ಕೆಳಗೆ ಎತ್ತುಗಳ ಹೆಸರೂ ಬಂತು: ಬಸ್ಯಾ, ಸಾರಂಗ. ಮಂದಿ ಚಪ್ಪಾಳೆ ತಟ್ಟಿದರು.

ಒಬ್ಬೊಬ್ಬರೇ ಎದ್ದು ಹೇಳಿದರು. ಒಬ್ಬರಿಗೆ ಧೂಳಿನ ಮೇಲಿನ ಬಿಸಿಲು ಕಂಡಿತ್ತು, ಇನ್ನೊಬ್ಬರಿಗೆ ರೈತನ ಹಿಮ್ಮಡಿ. ನನ್ನ ಸರದಿಗೆ ಮೊದಲೇ ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದರು.

"ಯವ್ವಾ, ಒಂದ ಮಾತ ಕೇಳ್ಲಿ? ಆ ಮೊಂಡ ಕೊಂಬಿನ ಎತ್ತ ಮೊದಲ ಎಡಕ ಇತ್ತು. ಚಿತ್ರದ ನಡಕ ಬಲಕ ಬಂತು. ಎಡಕ ರೂಢಿ ಆದ ಎತ್ತ ಬಲಕ ಹೂಡಿದ್ರ ಗಳೇ ನಡಿಯಂಗಿಲ್ಲ. ಅದ ಹೋಗ್ಲಿ. ಆ ಹೆಣಮಗಳು ನಡಕ ಎಡಗೈಲೆ ಬೀಜ ಬಿಡಾಕತ್ಯಾಳ. ನಮ್ಮ ಸೀಮ್ಯಾಗ ಯಾರರ ಎಡಗೈಲೆ ಭೂಮಿತಾಯಿಗೆ ಬೀಜ ಕೊಡತಾರೇನ?"

ಸ್ಮಿತಾಳ ಮುಖದ ಬಣ್ಣ ಇಳಿಯಿತು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಜ್ಜಿ, ನಾನಽ ತಿರುವಿ ಹಾಕೇನ್ರಿ. ಮೊದಲಿನ ದೃಶ್ಯದಾಗ ಎತ್ತು ಈ ಕಡೆಯಿಂದ ಬರತಿದ್ವು, ನಡಕಿಂದು ಆ ಕಡೆಯಿಂದ. ಜೋಡಿಸುವಾಗ ಸರಿ ಕಾಣವಲ್ದು ಅಂತ ಕನ್ನಡ್ಯಾಗ ಕಂಡಂಗ ಅದಲುಬದಲು ಮಾಡಿದೆ. ಇಷ್ಟ ಊರಾಗ ತೋರಿಸೇನಿ, ಒಬ್ರೂ ಕೇಳಿದ್ದಿಲ್ಲ."

"ಆತು ಬಿಡ ತಂಗಿ, ನಿನ್ನ ಕಸಬು ನಿನಗ ಗೊತ್ತು. ಆದ್ರ ಎತ್ತಿನ ಹೆಸರ ಕೇಳಿ ಬರದೀದಿ. ಆಕೀ ಹೆಸರೇನು?"

ಸ್ಮಿತಾ ಅದನ್ನು ಕೇಳಿಯೇ ಇರಲಿಲ್ಲ.

"ಬೀಜ ಬಿಡಾಕಿ ಕೈ ಒಂದ ಚೂರ ಹೆಚ್ಚಾದ್ರ ದಟ್ಟ ಆಗತೈತಿ, ಒಂದ ಚೂರ ತಪ್ಪಿದ್ರ ಸಾಲ ಬೋಳ. ಎಷ್ಟ ಶಾಣ್ಯಾ ಗಳೇದಾವ ಇದ್ರೂ ಹೊಲಾ ನಗೂದು ಆಕೀ ಬೆರಳಿಂದ. ಸಾಲಹಳ್ಳ್ಯಾಗ ನಮ್ಮ ಹೊಲಕ್ಕ ಗಂಗವ್ವನಽ ಬರ್ಲಿ ಅಂತ ಕರಕೊಂಡ ಹೋಗತಿದ್ರು ನನ್ನ" ಅಂದು ಅತ್ತೆ ಕೂತರು.

ಮಾಳಿಗೆಯಲ್ಲಿ ಅಂಥ ಚಪ್ಪಾಳೆ ನಾನು ಕೇಳಿರಲಿಲ್ಲ. ನನಗೆ ಬಿದ್ದದ್ದು ಅದರ ಕಾಲು ಭಾಗವೂ ಅಲ್ಲ. ಮಾಸ್ತರು ಖುಷಿಯ ಭರದಲ್ಲಿ ಕೂಗಿದರು: "ನೋಡ್ರಿ, ಟೀಚರ್ ಸಹವಾಸದಾಗ ಅಮ್ಮಾರಿಗೂ ಎಂಥಾ ಕಣ್ಣ ಬಂದೈತಿ!"

ಅದನ್ನು ಮಾತ್ರ ನನಗೆ ತಡೆದುಕೊಳ್ಳಲು ಆಗಲಿಲ್ಲ. ಎದ್ದು ನಿಂತೆ. "ತಪ್ಪು ತಿಳಕೊಂಡೀರಿ ಸರ್. ಖಾಲಿ ಬಾಕು ಕಂಡಾವ್ರು ಇವ್ರು. ಇಸ್ತ್ರಿ ಅಂಗಿ, ಬೀಸುಕಲ್ಲು, ಹಕ್ಕಿ ತತ್ತಿ ಎಲ್ಲಾ ಇವರವಽ. ನಾ ಮನ್ಯಾಗ ಕೇಳಿ ಇಲ್ಲಿ ಬಂದು ನಂದಂತ ಹೇಳೇನ್ರಿ. ನನಗ ಸ್ವಂತ ಒಂದೂ ಕಂಡಿಲ್ಲ." ಅಂದು ಕೂತಾಗ ಕಣ್ಣಲ್ಲಿ ನೀರು ಬಂದಿತ್ತು. ವಕೀಲರು ತಮ್ಮ ವಹಿ ತೆರೆದು, ಹಿಂದಿನ ಪುಟಗಳಲ್ಲೆಲ್ಲ ನನ್ನ ಹೆಸರಿಗೆ ಗೀಟು ಹಾಕಿ ತಿದ್ದತೊಡಗಿದರು. ಕಾನೂನಿನ ಮನುಷ್ಯ, ಪಾಪ.

ಆಟೋದಲ್ಲಿ ಮನೆಗೆ ಬರುವಾಗ ಅತ್ತೆ ರಸ್ತೆಯನ್ನೇ ನೋಡುತ್ತ ಕೂತಿದ್ದರು. ಓಣಿ ತಿರುಗುವಾಗ ನಾನೇ, "ಸಿಟ್ಟ ಬಂದೈತೇನ್ರಿ?" ಅಂದೆ.

"ಮಾತ ತಗೊಂಡದ್ದಕ್ಕ ಸಿಟ್ಟಿಲ್ಲವಾ" ಅಂದರು. "ಆರ ತಿಂಗಳ ನನ್ನ ಮಾತ ಅಷ್ಟೂ ಅಲ್ಲಿಗೆ ಹೋಗಿ ಚಪ್ಪಾಳಿ ಹೊಡಿಸ್ಕೊಂಡ ಬಂದ್ವು. ನನ್ನ ಮಾತ್ರ ಕರಕೊಂಡ ಹೋಗಲಿಲ್ಲ ನೀ."

ಇಷ್ಟು ವರ್ಷದಲ್ಲಿ ಅವರು ನನಗೆ ಆಡಿದ ಯಾವ ಬಿರುಸು ಮಾತೂ ಅಷ್ಟು ನಾಟಿರಲಿಲ್ಲ.

ಮುಂದಿನ ಶನಿವಾರದಿಂದ ಅತ್ತೆಗೆ ಮೊದಲ ಸಾಲಿನಲ್ಲಿ ದಿಂಬು ಹಾಕಿದ ಕುರ್ಚಿ ಕಾಯಂ ಆಯಿತು. ಕೊನೆಗೆ ಮಾತಾಡುವ ಗೌರವ ಅವರದಾಯಿತು. ನನ್ನ ಸರದಿ ಬಂದಾಗ ನಾನು ಎದ್ದು, "ಇವತ್ತ ನನಗ ಏನೂ ಕಂಡಿಲ್ರಿ" ಎಂದು ಹೇಳಿ ಕೂಡುತ್ತಿದ್ದೆ. ಒಂದು ವಾರ, ಎರಡು ವಾರ, ಎಂಟು ವಾರ. ಯಾರೂ ನಗಲಿಲ್ಲ. ಖರೇ ಹೇಳುತ್ತೇನೆ, ಹಾಗೆ ಹೇಳಿ ಕೂಡುವುದರಲ್ಲಿ ಒಂದು ನೆಮ್ಮದಿ ಇತ್ತು. ಬರಬರುತ್ತ ಚಿತ್ರ ನೋಡುವಾಗ ಮುಂದೆ ಏನು ಹೇಳಲಿ ಎಂಬ ಗಡಿಬಿಡಿ ಹೋಯಿತು. ಸುಮ್ಮನೆ ನೋಡತೊಡಗಿದೆ, ಕೇಳತೊಡಗಿದೆ.

ಈ ಯುಗಾದಿ ಕಳೆದ ಮೇಲೆ ಸ್ಮಿತಾ ಮತ್ತೆ ಬಂದಳು. ಮುನವಳ್ಳಿಗೆ ಹೋಗಿ, ಬೀಜ ಬಿಡುವವಳ ಮನೆಯಲ್ಲಿ ಉಂಡು, ಅವಳೊಂದಿಗೆ ಎರಡು ದಿನ ಕಳೆದು ಬಂದಿದ್ದಳು. ಎತ್ತು ತನ್ನ ಜಾಗಕ್ಕೆ ಮರಳಿತ್ತು. ಜೋಳ ಬಲಗೈಯಿಂದ ಬೀಳುತ್ತಿತ್ತು. ಸ್ಮಿತಾ ಚಿತ್ರದಲ್ಲಿನ ಹಾಡು ತೆಗೆದು ಹೊಲದ ಸದ್ದನ್ನಷ್ಟೇ ಇಟ್ಟಿದ್ದಳು. ಕೊನೆಗೆ ಎಲ್ಲಕ್ಕಿಂತ ಮೊದಲು, ಎತ್ತುಗಳಿಗಿಂತ ಮೇಲೆ, 'ಬೀಜ ಬಿಟ್ಟವರು: ಶಾಂತವ್ವ' ಎಂದು ಬಂದಾಗ ಮಾಳಿಗೆ ಎದ್ದು ನಿಂತಿತು. ನಮ್ಮ ಅತ್ತೆ ಕೂತಲ್ಲೇ ಕೂತು ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು.

ನನ್ನ ಸರದಿ ಬಂತು. ಎದ್ದೆ. ಅದೇ ಮಾತು ಹೇಳಿ ಕೂಡುತ್ತೇನೆಂದು ಮಾಸ್ತರು ಆಗಲೇ ಮುಂದಿನವರ ಕಡೆ ತಿರುಗಿದ್ದರು.

"ನನಗೊಂದು ಕಂಡೈತ್ರಿ" ಅಂದೆ.

ಎಲ್ಲರೂ ತಿರುಗಿದರು. ಅತ್ತೆಯೂ.

"ಸಾಲ ಮುಗಿಯೂ ಕಡೆ ಗಳೇದಾವ ಹೋ ಅನ್ನಲಿಲ್ರಿ. ಹಗ್ಗ ಜಗ್ಗಲಿಲ್ಲ, ಬಾರಕೋಲ ಎತ್ತಲಿಲ್ಲ. ಶಾಂತವ್ವ ಕೈ ನಿಲ್ಲಿಸಿದ್ಲು. ಕೊಳವ್ಯಾಗ ಜೋಳ ಇಳಿಯೂ ಸರಸರ ಸದ್ದು ನಿಂತಿತು. ಸದ್ದು ನಿಂತ ಕೂಡ್ಲೆ ಎತ್ತು ತಾವಽ ನಿಂತ್ವು. ಒಂದ ಸಲ ಅಲ್ಲ, ಏಳ ಸಾಲಿಗೂ ಏಳ ಸಲ. ಗಳೇ ನಡಸಾಕಿ ಆಕೀನಽ ಇದ್ದಾಳ್ರಿ."

ಮಾಸ್ತರು ಚಿತ್ರವನ್ನು ಹಿಂದಕ್ಕೆ ಓಡಿಸಿದರು. ಮತ್ತೆ ಹಾಕಿದರು. ಮಾಳಿಗೆಯ ಮಂದಿಯೆಲ್ಲ ಉಸಿರು ಹಿಡಿದು ಕಿವಿಗೊಟ್ಟರು. ಸರಸರ, ಸರಸರ, ಸದ್ದು ನಿಂತಿತು. ಎತ್ತು ನಿಂತವು. ಸ್ಮಿತಾ, ಚಿತ್ರ ತೆಗೆದವಳು, ತಲೆಯ ಮೇಲೆ ಕೈ ಹೊತ್ತು ಕೂತಳು. ಚಪ್ಪಾಳೆ ಬಿತ್ತೇನೋ, ನನಗೆ ಕೇಳಿಸಲಿಲ್ಲ. ನಾನು ಅತ್ತೆಯನ್ನೇ ನೋಡುತ್ತಿದ್ದೆ. ಅವರು ತಮ್ಮ ಬಲಗೈಯನ್ನು ಮುಂದೆ ಹಿಡಿದು, ಬೆರಳು ಬಿಡಿಸಿ ಮುಚ್ಚಿ, ಬಿಡಿಸಿ ಮುಚ್ಚಿ ನೋಡಿಕೊಳ್ಳುತ್ತಿದ್ದರು.

ಆ ದಿನ ಕೊನೆಯ ಸರದಿಯಲ್ಲಿ ಅತ್ತೆ ನನ್ನ ಕಡೆ ಕೈ ತೋರಿಸಿ, "ನಮ್ಮ ಸುನಂದಾ ಎಲ್ಲಾ ಹೇಳ್ಯಾಳ್ರಿ" ಎಂದಷ್ಟೇ ಹೇಳಿದರು.

ಮನೆಗೆ ಬಂದೆವು. ಆಟೋದವನಿಗೆ ದುಡ್ಡು ಕೊಟ್ಟು ನಾನು ಒಳಗೆ ಬರುವಷ್ಟರಲ್ಲಿ ಅತ್ತೆ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯ ನೀಲವ್ವನಿಗೆ ಚಿತ್ರದ ಕಥೆ ಹೇಳಲು ಶುರು ಮಾಡಿದ್ದರು. ಕೈ ಆಡಿಸಿ, ಎತ್ತಿನಂತೆ ಕತ್ತು ತಿರುಗಿಸಿ ಹೇಳುತ್ತಿದ್ದರು.

"ಎಲ್ಲಾ ಮಂದಿ ಎತ್ತ ನೋಡಾಕತ್ತಿತ್ತ ನೀಲವ್ವಾ. ನಾ ಏನ ಕಂಡ್ಯಾ ಅಂತಿ? ಬೀಜದ ಸದ್ದ ನಿಂತ ಕೂಡ್ಲೆ ಎತ್ತ ನಿಂತ್ವು! ಹೌದಲ್ಲಾ, ಗಳೇ ನಡಸಾಕಿ ಆಕೀನಽ ಅಂದೆ. ಮಾಸ್ತರ ಬಾಯಿ ತಗದ ನಿಂತಾ."

ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತಿದ್ದೆ. ಅತ್ತೆ ನನ್ನನ್ನು ಕಂಡರು. ಒಂದು ಗಳಿಗೆ ತಡೆದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ, ದನಿಯನ್ನು ಇನ್ನಷ್ಟು ಏರಿಸಿ, ಏಳು ಸಾಲಿಗೆ ಏಳು ಸಲ ಅನ್ನುವುದನ್ನೂ ಸೇರಿಸಿದರು.

ನಾನು ತುಟಿ ಪಿಟಕ್ಕೆನ್ನಲಿಲ್ಲ. ಗೆದ್ದವಳ ಹಾಗೆ ಎದೆಯುಬ್ಬಿಸಿಕೊಂಡು, ಅವರಿಬ್ಬರಿಗೂ ಚಹಾ ಇಡಲು ಒಳಗೆ ಹೋದೆ.